ಇಟ್ಟಿಗೆಯಾದ ಮೊಬೈಲು

ಮೊಬೈಲು ಸಾಯುವುದರಲ್ಲಿ ಎರಡು ಬಗೆ. ಬಿದ್ದು ಒಡೆದು, ನೀರು ಹೊಕ್ಕು, ಬ್ಯಾಟರಿ ಉಬ್ಬಿ ಸಾಯುವುದು ಒಂದು. ಒಳಗಿನ ಭಾಗಗಳೆಲ್ಲ ಗಟ್ಟಿಯಾಗಿದ್ದೂ ‘ಸಾಫ್ಟ್‌ವೇರ್’ ಕೆಟ್ಟು ಸಾಯುವುದು ಇನ್ನೊಂದು. ಈ ಎರಡನೆಯದರಲ್ಲಿ ಫೋನು ಕಂಪನಿಯ ಹೆಸರು ತೋರಿಸಿ ಅಲ್ಲೇ ನಿಲ್ಲುತ್ತದೆ. ಇಲ್ಲವೇ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ‘ಲೋಗೋದಾಗ ನಿಂತೇತಿ’ ಎನ್ನುತ್ತಾರೆ ನಮ್ಮ ಕಡೆ ಅಂಗಡಿಯವರು. ಬಲ್ಲವರು ಇದಕ್ಕೆ ‘ಬ್ರಿಕ್’ ಅನ್ನುತ್ತಾರಂತೆ. ಎಂದರೆ ಇಟ್ಟಿಗೆ. ಹೆಸರೇನೋ ಸರಿ, ಆದರೆ ಗೋಡೆ ಕಟ್ಟಲಿಕ್ಕೂ ಬರುವುದಿಲ್ಲ.

ಇಂಥ ಇಟ್ಟಿಗೆಗೆ ಮನೆಯಲ್ಲೇ ಜೀವ ಬರಿಸಲು ಸಾಧ್ಯ ಇದೆ, ಎಲ್ಲಕ್ಕಲ್ಲ, ಕೆಲವಕ್ಕೆ. ನನ್ನ ಅನುಭವದಲ್ಲಿ ಇದರಲ್ಲಿ ಜಾಣತನಕ್ಕಿಂತ ಕ್ರಮ ಮುಖ್ಯ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಕಟ್ಟಕಡೆಗೆ ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ನಮ್ಮದು ರೋಣ ತಾಲೂಕಿನ ಯಾವಗಲ್. ಎರೆ ಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಸ್ವಂತದ್ದು ನಾಲ್ಕು ಎಕರೆ, ಲಾವಣಿಗೆ ಹಿಡಿದದ್ದು ಮೂರು. 2022ರ ಆಗಸ್ಟಿನಲ್ಲಿ ಹೆಸರು ಕಾಯಿ ಬಿಡಿಸುವ ಹೊತ್ತಿಗೆ ನನ್ನ ಫೋನು ಲೋಗೋದಲ್ಲಿ ನಿಂತಿತು. ರಾತ್ರಿ ತಾನಾಗಿಯೇ ‘ಅಪ್‌ಡೇಟ್’ ಶುರುವಾಗಿತ್ತು. ಕರೆಂಟು ಹೋಯಿತು. ಮೂರು ವರ್ಷದ ಬ್ಯಾಟರಿ, 40 ತೋರಿಸುತ್ತಲೇ ಧಪ್ಪನೆ ಆರುವುದು ಅದರ ಚಾಳಿ. ಹಳೆಯ ಸಾಫ್ಟ್‌ವೇರ್ ಅರ್ಧ ಕಿತ್ತು ಹಾಕಿ ಹೊಸದು ಅರ್ಧ ಬರೆದ ಸ್ಥಿತಿಯಲ್ಲಿ ಫೋನು ನಿಂತುಬಿಟ್ಟಿತು. ಮಳೆ ಬಂತೆಂದು ಕೂರಿಗೆಯನ್ನು ಹೊಲದ ನಡುವೆ ಬಿಟ್ಟು ಓಡಿ ಬಂದ ಹಾಗೆ.

(ಈಚಿನ ಫೋನುಗಳಲ್ಲಿ ಇದಕ್ಕೊಂದು ಉಪಾಯ ಇದೆ. 2016ರ ಆ್ಯಂಡ್ರಾಯ್ಡ್ 7ರಿಂದ ಬಂದದ್ದು. ಸಾಫ್ಟ್‌ವೇರಿಗೆ ಎರಡು ಖಾನೆ. ಒಂದರಲ್ಲಿ ಫೋನು ನಡೆಯುತ್ತಿರುವಾಗಲೇ ಇನ್ನೊಂದರಲ್ಲಿ ಹೊಸದನ್ನು ಬರೆಯುತ್ತದೆ. ಹೊಸದು ಕೆಟ್ಟರೆ ಹಳೆಯದಕ್ಕೆ ಮರಳುತ್ತದೆ. ಆದರೆ ಎಲ್ಲ ಕಂಪನಿಗಳೂ ಕೂಡಲೇ ಇದನ್ನು ಅಳವಡಿಸಲಿಲ್ಲ. ಕಡಿಮೆ ಬೆಲೆಯ ಫೋನುಗಳಲ್ಲಂತೂ ತಡ. ನನ್ನದು ಒಂದೇ ಖಾನೆಯದು.)

ಒಳಗಿದ್ದದ್ದೇನು?

ಫೋನಿನ ಬೆಲೆ ಆಗ ಮಾರಿದರೆ ಎರಡು ಸಾವಿರ ಬರುತ್ತಿತ್ತೋ ಇಲ್ಲವೋ. ಅದರೊಳಗಿನದರ ಬೆಲೆ ಬೇರೆ.

ಲಾವಣಿ ಹೊಲದ ಲೆಕ್ಕ ಬರೆದ ಹಾಳೆಯ ಫೋಟೋ ಅದರಲ್ಲಿತ್ತು. ಹೊಲದ ಯಜಮಾನರು ಮುಂಗಡ ತೆಗೆದುಕೊಂಡು ಸಹಿ ಹಾಕಿದ ಹಾಳೆ. ಮೂಲ ಅವರ ಮನೆಯಲ್ಲಿ, ನನ್ನ ಬಳಿ ಫೋಟೋ ಮಾತ್ರ. ಗದಗಿನ ದಲಾಲಿ ಅಂಗಡಿಯ ತೂಕದ ಚೀಟಿಗಳು ಇದ್ದವು. ಯಂತ್ರದಿಂದ ಹೊರಬರುವ ಆ ನುಣುಪು ಚೀಟಿಯ ಅಕ್ಷರ ಆರು ತಿಂಗಳಲ್ಲಿ ಮಾಸುತ್ತದೆ, ಆದ್ದರಿಂದ ಬಂದ ದಿನವೇ ಫೋಟೋ ತೆಗೆದಿಡುವುದು ನನ್ನ ರೂಢಿ. ಆಳುಗಳ ಪಗಾರದ ಲೆಕ್ಕ. ಯಾವ ಮಳೆಗೆ ಯಾವ ಹೊಲದಲ್ಲಿ ಬಿತ್ತಿದೆ, ಯಾವಾಗ ಎಡೆ ಹೊಡೆದೆ ಎಂಬ ಮೂರು ವರ್ಷದ ಟಿಪ್ಪಣಿ. ಜೊತೆಗೆ ಆ ವರ್ಷದ ಬೆಳೆ ಸಮೀಕ್ಷೆಗೆ ಹೊಲದಲ್ಲಿ ನಿಂತು ತೆಗೆದ ಫೋಟೋಗಳು, ಇನ್ನೂ ಕಳಿಸಿರಲಿಲ್ಲ.

ಬೆಳೆ ಸಮೀಕ್ಷೆಯ ವಿಷಯ ಓದುಗರಿಗೆ ಗೊತ್ತೇ ಇದೆ. 2020ರ ಮುಂಗಾರಿನಿಂದ ರಾಜ್ಯದಲ್ಲಿ ರೈತರೇ ತಮ್ಮ ಹೊಲದ ಬೆಳೆಯನ್ನು ಆ್ಯಪಿನಲ್ಲಿ ದಾಖಲಿಸುವ ವ್ಯವಸ್ಥೆ ಬಂತು. ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಮಳೆ ಹಾನಿಯ ಪರಿಹಾರ, ಎಲ್ಲಕ್ಕೂ ಆ ದಾಖಲೆಯೇ ಆಧಾರ. ಹೊಲದಲ್ಲಿ ಹೆಸರು, ದಾಖಲೆಯಲ್ಲಿ ಗೋವಿನಜೋಳ ಎಂದಾದರೆ ಕೇಂದ್ರದ ಮುಂದೆ ಚೀಲ ಹಿಡಿದು ನಿಂತವನ ಪಾಡು ಕೇಳಬೇಡಿ. ಮೊದಲು ಉತಾರಕ್ಕೆ ತಲಾಠಿಯ ಮನೆ ಮುಂದೆ ಕೂರುತ್ತಿದ್ದೆವು, 2000ದಿಂದ ಭೂಮಿ ಯೋಜನೆಯಲ್ಲಿ ಅದು ಕಂಪ್ಯೂಟರಿಗೆ ಹೋಯಿತು, ಈಗ ಕಿಸೆಗೆ ಬಂದಿದೆ. ಕಿಸೆಗೆ ಬಂದದ್ದು ಒಳ್ಳೆಯದೇ. ಕಿಸೆಯೊಳಗಿನದು ಇಟ್ಟಿಗೆಯಾದರೆ?

ಮೊದಲು ಸಿಮ್

ನನ್ನ ಅಣ್ಣನ ಮಗಳು ಗದಗಿನಲ್ಲಿ ಪದವಿ ಓದುತ್ತಿದ್ದಳು. ಪಂಚಮಿ ಹಬ್ಬಕ್ಕೆ ಬಂದವಳು ಊರಲ್ಲೇ ಇದ್ದಳು. ಅವಳ ಬಳಿ ಹಳೆಯ ಲ್ಯಾಪ್‌ಟಾಪ್. ನಾನು ಫೋನು ಹಿಡಿದು ನರಗುಂದದ ಬಸ್ಸಿಗೆ ಹೊರಟವನನ್ನು ನಿಲ್ಲಿಸಿದಳು.

“ಕಾಕಾ, ಮೊದಲ ಸಿಮ್ ತಗೀರಿ. ಓಟಿಪಿ ಬರೂದು ಸಿಮ್ಮಿಗೆ, ಫೋನಿಗಲ್ಲ.”

ಈ ಮಾತು ಬಂಗಾರದ್ದು. ಫೋನು ಕೆಟ್ಟ ಕೂಡಲೇ ನಮ್ಮವರು ಬ್ಯಾಂಕು, ಆಧಾರು, ಪಿಎಂ ಕಿಸಾನ್ ಎಲ್ಲ ನಿಂತೇ ಹೋಯಿತು ಎಂದು ಗಾಬರಿಯಾಗುತ್ತಾರೆ. ಸಿಮ್ ಅನ್ನು ಮನೆಯಲ್ಲಿರುವ ಗುಂಡಿ ಒತ್ತುವ ಸಾದಾ ಫೋನಿಗೆ ಹಾಕಿದರೆ ಓಟಿಪಿ ಬರುತ್ತದೆ. ಒಂದೇ ಎಚ್ಚರ: ಜಿಯೋ ಸಿಮ್ ಆದರೆ 4ಜಿ ಇರುವ ಸಾದಾ ಫೋನೇ ಬೇಕು, ಹಳೆಯ ಸೆಟ್ಟಿನಲ್ಲಿ ನಡೆಯುವುದಿಲ್ಲ.

ಬೆಳೆ ವಿಮೆಯಲ್ಲೂ ಇದು ಉಪಯೋಗ. ಕೊಯ್ದು ಹೊಲದಲ್ಲಿ ಹರವಿದ ಬೆಳೆ 14 ದಿನದೊಳಗೆ ಅಕಾಲ ಮಳೆಗೆ ಕೆಟ್ಟರೆ 72 ಗಂಟೆಯ ಒಳಗೆ ತಿಳಿಸಬೇಕು. ಆ್ಯಪಿನಲ್ಲೇ ತಿಳಿಸಬೇಕೆಂದೇನಿಲ್ಲ. 2024ರಿಂದ 14447 ಎಂಬ ಸಹಾಯವಾಣಿ ಇದೆ, ಸಾದಾ ಫೋನಿನಿಂದ ಮಾಡಿದರೂ ಆದೀತು. ಬ್ಯಾಂಕಿಗೂ ಬರೆದು ಕೊಡಬಹುದು. ಫೋನು ರಿಪೇರಿಯಾಗಲಿ ಎಂದು ಕಾಯುತ್ತ ಕೂತರೆ 72 ಗಂಟೆ ನಮಗಾಗಿ ಕಾಯುವುದಿಲ್ಲ.

ಸಿಮ್ ಜೊತೆಗೆ ಮೆಮೊರಿ ಕಾರ್ಡನ್ನೂ ತೆಗೆದೆವು. ಕಾರ್ಡು ಕೆಟ್ಟಿದ್ದರೆ ಅದನ್ನು ಓದಲು ಹೋಗಿ ಫೋನು ಲೋಗೋದಲ್ಲೇ ನಿಲ್ಲುವುದುಂಟು. ಕಾರ್ಡು ತೆಗೆದ ಕೂಡಲೇ ಎದ್ದು ಕೂತ ಫೋನುಗಳನ್ನು ಆಮೇಲೆ ನಾನೇ ಕಂಡಿದ್ದೇನೆ. ನನ್ನದು ಏಳಲಿಲ್ಲ.

ಗುಂಡಿಯ ಪರೀಕ್ಷೆ

ಪಂಪು ಎತ್ತದಿದ್ದರೆ ನಾವು ಮೊದಲೇ ಮೋಟಾರು ಮೇಲೆತ್ತುವುದಿಲ್ಲ. ಫ್ಯೂಸು ನೋಡುತ್ತೇವೆ, ಸ್ಟಾರ್ಟರ್ ನೋಡುತ್ತೇವೆ, ಮೂರೂ ಫೇಸು ಇದೆಯೇ ನೋಡುತ್ತೇವೆ. ಇಲ್ಲಿಯೂ ಹಾಗೆಯೇ.

ತೀರಾ ಖಾಲಿಯಾದ ಬ್ಯಾಟರಿ ಚಾರ್ಜಿಗೆ ಹಾಕಿದ ಕೂಡಲೇ ಏನನ್ನೂ ತೋರಿಸುವುದಿಲ್ಲ. ಅರ್ಧ ತಾಸು, ಒಂದು ತಾಸು ಬಿಡಬೇಕು. ಬೇರೆ ವೈರು, ಬೇರೆ ಚಾರ್ಜರ್ ಹಾಕಿ ನೋಡಬೇಕು. ‘ಸತ್ತೇತಿ’ ಎಂದು ಅಂಗಡಿಗೆ ಹೋಗುವ ಫೋನುಗಳಲ್ಲಿ ಕೆಲವಕ್ಕೆ ಬೇಕಾಗಿರುವುದು ನೂರು ರೂಪಾಯಿಯ ವೈರು. ಹಿಂಬದಿ ಉಬ್ಬಿದ್ದರೆ ಮಾತ್ರ ಚಾರ್ಜಿಗೆ ಹಾಕಲೇಬೇಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸುವುದು, ಸೂಜಿಯಿಂದ ಚುಚ್ಚಿ ಗಾಳಿ ತೆಗೆಯುವುದು ಬೆಂಕಿಗೆ ಆಹ್ವಾನ.

ಆಮೇಲೆ ಪವರ್ ಗುಂಡಿಯನ್ನು ಅರ್ಧ ನಿಮಿಷ ಬಿಡದೆ ಒತ್ತಿ ಹಿಡಿಯುವುದು. ಸ್ಕ್ರೀನು ಕಪ್ಪಾಗಿ ಮತ್ತೆ ಹತ್ತಿದರೆ, ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ. ಎರಡು ಮೂರು ಸಲ ಮಾಡಬಹುದು.

ಇದಕ್ಕೂ ಬಗ್ಗದಿದ್ದರೆ ‘ರಿಕವರಿ’. ಪ್ರತಿ ಆ್ಯಂಡ್ರಾಯ್ಡ್ ಫೋನಿಗೂ ಹಿತ್ತಿಲ ಬಾಗಿಲಿನಂಥ ಇದೊಂದು ದಾರಿ ಇರುತ್ತದೆ. ಮುಂಬಾಗಿಲು ಮುಚ್ಚಿದರೂ ಇದು ಸಾಮಾನ್ಯವಾಗಿ ತೆರೆಯುತ್ತದೆ. ಫೋನು ಆರಿದಾಗ ಪವರ್ ಗುಂಡಿ ಮತ್ತು ಧ್ವನಿ ಹೆಚ್ಚಿಸುವ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಬಹಳಷ್ಟು ಫೋನಿಗೆ ಇದೇ ಕೀಲಿ, ಕೆಲವಕ್ಕೆ ಧ್ವನಿ ತಗ್ಗಿಸುವ ಗುಂಡಿ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕಾರು ಸಾಲು ಬರುತ್ತವೆ. ಬೆರಳು ಮುಟ್ಟಿದರೆ ಆಗದು. ಧ್ವನಿ ಗುಂಡಿಯಿಂದ ಮೇಲೆ ಕೆಳಗೆ ಹೋಗುವುದು, ಪವರ್ ಗುಂಡಿಯಿಂದ ಆರಿಸುವುದು.

ಈ ಸಾಲುಗಳ ಅರ್ಥ ತಿಳಿದುಕೊಳ್ಳದೆ ಕೈ ಹಾಕಬಾರದು. ‘ರೀಬೂಟ್ ಸಿಸ್ಟಂ ನೌ’ ಎಂದರೆ ಸುಮ್ಮನೆ ಮತ್ತೊಮ್ಮೆ ಚಾಲೂ ಮಾಡು, ಅಪಾಯ ಇಲ್ಲ. ‘ವೈಪ್ ಕ್ಯಾಶ್ ಪಾರ್ಟಿಶನ್’ ಎಂದರೆ ತಾತ್ಕಾಲಿಕ ಕಸ ಗುಡಿಸು, ನಿಮ್ಮ ಫೋಟೋಗಳಿಗೆ ಏನೂ ಆಗದು. ಈ ಸಾಲು ಈಚಿನ ಕೆಲವು ಫೋನುಗಳಲ್ಲಿ ಇರುವುದೇ ಇಲ್ಲ. ‘ವೈಪ್ ಡೇಟಾ, ಫ್ಯಾಕ್ಟರಿ ರಿಸೆಟ್’ ಎಂದರೆ ಎಲ್ಲವನ್ನೂ ಅಳಿಸಿ ಅಂಗಡಿಯಿಂದ ತಂದ ದಿನದ ಹಾಗೆ ಮಾಡು. ಎರಡನೆಯ ಸಾಲಿಗೂ ಮೂರನೆಯದಕ್ಕೂ ನಡುವೆ ಇರುವುದು ಗುಂಡಿಯ ಒಂದೇ ಒತ್ತು. ಕಸ ಗುಡಿಸುವುದು ಬೇರೆ, ಪೈರು ನಿಂತ ಹೊಲಕ್ಕೆ ರಂಟೆ ಹೊಡೆಯುವುದು ಬೇರೆ.

ಕಸ ಗುಡಿಸಿದೆವು. ಫೋನು ಏಳಲಿಲ್ಲ.

‘ಡೇಟಾ ಬೇಕೇನ್ರಿ?’

ಮರುದಿನ ಪೇಟೆಯ ಒಂದು ಅಂಗಡಿಗೆ ಫೋನು ಒಯ್ದೆ. ಹುಡುಗ ನೋಡಿದ, “ಸಾಫ್ಟ್‌ವೇರ್ ಹೊಡೀಬೇಕ್ರಿ, ಆರನೂರು ಆಗತೈತಿ” ಎಂದ. ಒಳಗಿನ ಫೋಟೋ ಉಳಿಯುತ್ತವೆಯೇ ಎಂದು ಕೇಳಿದೆ. “ಉಳೀದಿಲ್ರಿ. ಉಳಸಬೇಕಂದ್ರ ನಮ್ಮ ಕಡೆ ಆಗೂದಿಲ್ಲ.” ನೇರವಾಗಿ ಹೇಳಿದ, ಅದು ಮೆಚ್ಚಬೇಕಾದದ್ದೇ. ಹತ್ತು ಜನ ಗಿರಾಕಿ ನಿಂತಿರುವಾಗ ಅವನಾದರೂ ಒಂದೊಂದು ಫೋನಿಗೆ ಎರಡು ರಾತ್ರಿ ಕೊಡಲಾರ. ಹೊಸ ಸಾಫ್ಟ್‌ವೇರ್ ಹಾಕುವುದರಲ್ಲಿ ಎಲ್ಲವನ್ನೂ ಅಳಿಸಿ ಹಾಕುವುದೇ ಸುಲಭ, ಬೇಗ. ಫೋನು ಹಿಡಿದು ಮನೆಗೆ ಬಂದೆ.

ಒಮ್ಮೆ ಅಳಿಸಿದ ಮೇಲೆ ‘ತೆಗೆದು ಕೊಡುತ್ತೇವೆ’ ಎನ್ನುವವರ ಮಾತು ಏಕೆ ನಂಬಬಾರದೆಂದು ಮಗಳು ವಿವರಿಸಿದಳು. ಹಿಂದಿನ ಕಾಲದ ಫೋನಿನಲ್ಲಿ ಫೋಟೋ ಇದ್ದ ಹಾಗೇ ಇರುತ್ತಿತ್ತು. ಈಗ ಫೋನು ತನ್ನೊಳಗಿನದನ್ನೆಲ್ಲ ಗುಪ್ತಲಿಪಿಯಲ್ಲಿ ಬರೆದಿಡುತ್ತದೆ. 2019ರಲ್ಲಿ ಆ್ಯಂಡ್ರಾಯ್ಡ್ 10 ಬಂದ ಮೇಲೆ ಹೊಸ ಫೋನುಗಳಿಗೆಲ್ಲ ಇದು ಕಡ್ಡಾಯ, ಅದಕ್ಕೂ ಹಿಂದಿನ ಬಹಳಷ್ಟರಲ್ಲೂ ಇದೆ. ಲಿಪಿ ಬಿಡಿಸುವ ಕೀಲಿ ಆ ಫೋನಿನೊಳಗೇ ಇರುತ್ತದೆ. ರಿಸೆಟ್ ಮಾಡಿದಾಗ ಮೊದಲು ಹೋಗುವುದು ಆ ಕೀಲಿ. ಆಮೇಲೆ ಚಿಪ್ಪು ಕಿತ್ತು ಓದಿದರೂ ಸಿಗುವುದು ಅರ್ಥವಿಲ್ಲದ ಅಂಕಿ. ಮೆಮೊರಿ ಕಾರ್ಡಿನಲ್ಲಿದ್ದದ್ದು ಮಾತ್ರ ಉಳಿಯುತ್ತದೆ. ಅದೂ ಕಾರ್ಡನ್ನು ಫೋನಿನ ಒಳಜಾಗವಾಗಿ ಸೇರಿಸಿಕೊಂಡಿರದಿದ್ದರೆ.

ಗೂಗಲ್ ಖಾತೆಯಲ್ಲಿ ಪ್ರತಿ ಇರಬೇಕಲ್ಲ ಎಂದು ಕೆಲವರು ಕೇಳಿಯಾರು. ಪುಕ್ಕಟೆ ಸಿಗುವ 15 ಜಿಬಿ ಜಾಗ ಎಂದೋ ತುಂಬಿತ್ತು. ದಿನಾ ಬೆಳಿಗ್ಗೆ ಬರುವ ಹೂವಿನ ಚಿತ್ರಗಳ ‘ಶುಭೋದಯ’ಕ್ಕೆ ಇರುವ ಶಕ್ತಿ ನಮ್ಮ ಕರಿಕೆಗೂ ಇಲ್ಲ. ಬಿಟ್ಟಲ್ಲೆಲ್ಲ ಹಬ್ಬುತ್ತದೆ. ಅಂದ ಹಾಗೆ, ಫೋನಿನ ಜಾಗ ಪೂರಾ ತುಂಬಿದರೆ ಅದೂ ಲೋಗೋದಲ್ಲಿ ನಿಲ್ಲಲು ಒಂದು ಕಾರಣ.

ಲ್ಯಾಪ್‌ಟಾಪಿನ ಎರಡು ರಾತ್ರಿ

ಇನ್ನುಳಿದ ದಾರಿ ಒಂದೇ. ಕೆಟ್ಟ ಸಾಫ್ಟ್‌ವೇರಿನ ಮೇಲೆ ಅದೇ ಸಾಫ್ಟ್‌ವೇರನ್ನು ಕಂಪ್ಯೂಟರಿನಿಂದ ಮತ್ತೆ ಬರೆಯುವುದು, ಆದರೆ ನಮ್ಮ ಫೋಟೋಗಳಿರುವ ಭಾಗವನ್ನು ಮುಟ್ಟದಿರುವುದು. ಅಂಗಡಿಯವರು ‘ಫ್ಲ್ಯಾಶ್’ ಅನ್ನುವುದು ಇದಕ್ಕೇ.

ಫೋನಿನ ಒಳಗಿನ ಜಾಗ ಒಂದೇ ಹೊಲವಾದರೂ ಬದು ಹಾಕಿ ಪಟ್ಟಿ ಪಟ್ಟಿ ಮಾಡಿರುತ್ತಾರೆ. ಚಾಲೂ ಮಾಡುವ ಪಟ್ಟಿ, ಮುಖ್ಯ ವ್ಯವಸ್ಥೆಯ ಪಟ್ಟಿ, ರಿಕವರಿ ಪಟ್ಟಿ, ಫೋನಿನ ಐಎಂಇಐ ನಂಬರು ಇರುವ ಪಟ್ಟಿ, ಕಟ್ಟಕಡೆಗೆ ದೊಡ್ಡದಾಗಿ ‘ಯೂಸರ್‌ಡೇಟಾ’ ಎಂದರೆ ನಮ್ಮ ಪಟ್ಟಿ. ಬದು ದಾಟದೆ ಕೆಟ್ಟ ಪಟ್ಟಿಗಳಲ್ಲಿ ಮಾತ್ರ ಮರುಬಿತ್ತನೆ ಮಾಡಿದರೆ ನಮ್ಮ ಪಟ್ಟಿ ಹಾಗೇ ಉಳಿಯಬೇಕು.

ಬೀಜ ಮಾತ್ರ ಅದೇ ತಳಿಯದಾಗಬೇಕು. ಒಂದೇ ಹೆಸರಿನ ಫೋನಿನಲ್ಲೂ ಎರಡು ಮೂರು ಮಾದರಿ ಇರುತ್ತವೆ. ಹೊರಗೆ ನೋಡಲು ಒಂದೇ, ಒಳಗೆ ಬೇರೆ ಚಿಪ್ಪು. ಬೇರೆ ಮಾದರಿಯ ಸಾಫ್ಟ್‌ವೇರ್ ಹಾಕಿದರೆ ಈಗ ಲೋಗೋವನ್ನಾದರೂ ತೋರಿಸುವ ಫೋನು ಅದನ್ನೂ ತೋರಿಸದೆ ಪೂರಾ ಕಲ್ಲಾಗುತ್ತದೆ. ಮಾದರಿಯ ನಿಜವಾದ ನಂಬರು ಎಲ್ಲಿರುತ್ತದೆ? ಫೋನಿನ ಡಬ್ಬಿಯ ಚೀಟಿಯ ಮೇಲೆ. ನಮ್ಮವ್ವ ಆ ಡಬ್ಬಿಯಲ್ಲಿ ಗುಂಡಿ, ದಾರ ಇಟ್ಟುಕೊಂಡಿದ್ದಳು, ಆದ್ದರಿಂದ ಉಳಿದಿತ್ತು. ಡಬ್ಬಿ ಎಸೆಯಬೇಡಿ. ಎಸೆಯುವುದಾದರೂ ಚೀಟಿ ಕತ್ತರಿಸಿ ಉತಾರದ ಕಡತದಲ್ಲಿ ಅಂಟಿಸಿಡಿ. ಐಎಂಇಐ ಕೂಡ ಅದರಲ್ಲೇ ಇರುತ್ತದೆ. ಫೋನು ನಡೆಯುತ್ತಿರುವಾಗ *#06# ಒತ್ತಿದರೂ ಅದು ಕಾಣುತ್ತದೆ.

ಸಾಫ್ಟ್‌ವೇರಿನ ಕಡತ ಹತ್ತಿರ ಹತ್ತಿರ ಮೂರು ಜಿಬಿ. ಅಣ್ಣನ ಫೋನಿನ ನೆಟ್ಟಿನಲ್ಲಿ ಇಳಿಸಿಕೊಳ್ಳಲು ಸಂಜೆಯಿಂದ ಮಧ್ಯರಾತ್ರಿ ಆಯಿತು. ಕಂಪನಿಯವರೇ ಕೊಡುವ ಕಡತ ಸಿಕ್ಕರೆ ಅದನ್ನೇ ತೆಗೆದುಕೊಳ್ಳಬೇಕು. ಎಲ್ಲೆಲ್ಲಿಯದೋ ಕಡತದಲ್ಲಿ ಕಳ್ಳ ಸಾಫ್ಟ್‌ವೇರ್ ಸೇರಿಸಿರುತ್ತಾರೆ, ನಾಳೆ ಬ್ಯಾಂಕಿನ ಪಾಸ್‌ವರ್ಡು ಅದರ ಬಾಯಿಗೇ ಬೀಳುತ್ತದೆ.

ನನ್ನ ಫೋನಿನದು ಮೀಡಿಯಾಟೆಕ್ ಚಿಪ್ಪು. ಅದಕ್ಕೆ ‘ಎಸ್‌ಪಿ ಫ್ಲ್ಯಾಶ್ ಟೂಲ್’ ಎಂಬ ಸಾಧನ ಇದೆ. ಫೋನನ್ನು ಪೂರಾ ಆರಿಸಿ, ಧ್ವನಿ ಗುಂಡಿ ಒತ್ತಿ ಹಿಡಿದು, ವೈರು ಚುಚ್ಚಬೇಕು. ಚುಚ್ಚಿದಾಗ ಕಂಪ್ಯೂಟರು ‘ಟಣ್’ ಎನ್ನಬೇಕು. ಮೊದಲ ರಾತ್ರಿ ಅದು ಟಣ್ ಎನ್ನಲೇ ಇಲ್ಲ. ಒಂದೂವರೆ ತಾಸು ಕುಸ್ತಿ ಆದ ಮೇಲೆ ತಿಳಿದದ್ದು: ಕೆಲವು ಅಗ್ಗದ ವೈರುಗಳಲ್ಲಿ ಚಾರ್ಜು ಹೋಗುವ ಎರಡು ಎಳೆ ಮಾತ್ರ ಇರುತ್ತವೆ, ಮಾಹಿತಿ ಹೋಗುವ ಎಳೆಗಳೇ ಇರುವುದಿಲ್ಲ. ನಮ್ಮದು ಅಂಥದ್ದು. ಮರುದಿನ 120 ರೂಪಾಯಿಗೆ ಒಳ್ಳೆಯ ವೈರು ತಂದೆ.

ಎರಡನೆಯ ರಾತ್ರಿ ಟಣ್ ಎಂದಿತು, ಆದರೆ ಎರಡು ಸೆಕೆಂಡಿನಲ್ಲಿ ಸಂಪರ್ಕ ಕಡಿಯಿತು. ಈ ಚಿಪ್ಪಿನ ಸ್ವಭಾವವೇ ಹಾಗೆ. ಬಾಗಿಲು ಅರೆಗಳಿಗೆ ತೆರೆದು ಯಾರೂ ಮಾತಾಡಿಸದಿದ್ದರೆ ಮುಚ್ಚಿಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಅದರ ಭಾಷೆ ಕಲಿಸುವ ‘ಡ್ರೈವರ್’ ಎಂಬುದನ್ನು ಮೊದಲೇ ಹಾಕಿರಬೇಕು. ಅದನ್ನು ಹಾಕಿದಳು.

ಆಮೇಲೆ ಪಟ್ಟಿಗಳ ಯಾದಿ ಬಂತು. ಪ್ರತಿಯೊಂದರ ಮುಂದೆ ಟಿಕ್. ‘ಯೂಸರ್‌ಡೇಟಾ’ದ ಮುಂದಿನ ಟಿಕ್ ತೆಗೆದಳು. ಮೇಲೆ ಮೂರು ಆಯ್ಕೆ. ‘ಡೌನ್‌ಲೋಡ್ ಓನ್ಲಿ’ ಎಂದರೆ ಟಿಕ್ ಇದ್ದದ್ದನ್ನು ಮಾತ್ರ ಬರೆ. ‘ಫರ್ಮ್‌ವೇರ್ ಅಪ್‌ಗ್ರೇಡ್’ ಎಂಬುದು ನಮಗೆ ಬೇಡ. ‘ಫಾರ್ಮ್ಯಾಟ್ ಆಲ್’ ಎಂಬ ಮೂರನೆಯದನ್ನು ನೋಡಿ ನಾನೇ, “ಇದು ಪೂರಾ ಸ್ವಚ್ಛ ಮಾಡ್ತದಲ್ಲ, ಚಲೋ ಅಲ್ಲೇನು?” ಎಂದೆ.

“ಬ್ಯಾಡ್ರಿ ಕಾಕಾ. ಅದು ಬದೂನ ಕಿತ್ತ ಒಗೀತದ. ಐಎಂಇಐ ಸೈತ ಹೋಗ್ತದ, ಆಮ್ಯಾಲ ಫೋನ್ ಹತ್ತಿದರೂ ನೆಟ್‌ವರ್ಕ ಬರೂದಿಲ್ಲ.”

ಇದು ನೆನಪಿಡಬೇಕಾದ ಮಾತು. ಹೀಗೆ ಐಎಂಇಐ ಹೋದ ಫೋನಿಗೆ ಯಾವುದೋ ಒಂದು ನಂಬರು ಬರೆದು ಕೊಡುವವರೂ ಇದ್ದಾರೆ. ಐಎಂಇಐ ತಿದ್ದುವುದು ನಮ್ಮ ದೇಶದಲ್ಲಿ ಅಪರಾಧ.

ವೈರು ಚುಚ್ಚಿದೆವು. ಕೆಂಪು ಪಟ್ಟಿ ಓಡಿತು, ಆಮೇಲೆ ಹಳದಿ. ಹಳದಿ ಓಡುವಾಗ ಕರೆಂಟು ಹೋಯಿತು. ಲ್ಯಾಪ್‌ಟಾಪಿನಲ್ಲಿ ಚಾರ್ಜು ಇತ್ತು, ಅದಕ್ಕೇ ಮೊದಲೇ ತುಂಬಿಸಿಟ್ಟಿದ್ದೆವು. ಕತ್ತಲಲ್ಲಿ ಮನೆಮಂದಿಯೆಲ್ಲ ಆ ಹಳದಿ ಪಟ್ಟಿಯ ಮುಂದೆ. ಯಾರೂ ವೈರು ಎಡವಬಾರದೆಂದು ಅಣ್ಣ ಮೊಮ್ಮಗನನ್ನು ತೊಡೆಯ ಮೇಲೆ ಹಿಡಿದು ಕೂತಿದ್ದ. ಹತ್ತು ಹನ್ನೆರಡು ನಿಮಿಷಕ್ಕೆ ಹಸಿರು ಗುರುತು ಬಿತ್ತು.

ಫೋನು ಚಾಲೂ ಮಾಡಿದರೆ ಮತ್ತೆ ಲೋಗೋ. ಐದು ನಿಮಿಷ, ಹತ್ತು ನಿಮಿಷ. ಹೀಗೆ ಬರೆದ ಮೇಲೆ ಮೊದಲ ಸಲ ಏಳಲು ತಡವಾಗುತ್ತದೆಂದು ಗೊತ್ತಿಲ್ಲದಿದ್ದರೆ ಇಲ್ಲೇ ಕೈಬಿಟ್ಟೇವು. ಹದಿನೈದನೆಯ ನಿಮಿಷಕ್ಕೆ ನನ್ನ ಹೊಲದ ಬೇವಿನ ಮರದ ಚಿತ್ರ ಪರದೆಯ ಮೇಲೆ ಬಂತು.

ಆ ರಾತ್ರಿಯೇ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆವು. ಲಾವಣಿ ಹಾಳೆ, ತೂಕದ ಚೀಟಿ, ಪಗಾರದ ಲೆಕ್ಕ. ಬೆಳೆ ಸಮೀಕ್ಷೆಯದು ಮರುದಿನ ಬೆಳಿಗ್ಗೆ ಹೋಯಿತು.

ಈ ದಾರಿ ಎಲ್ಲ ಫೋನಿಗೂ ತೆರೆದಿಲ್ಲ. ಈಚಿನ ಬಹಳಷ್ಟು ಫೋನುಗಳು ಕಂಪನಿಯ ಅನುಮತಿ ಇಲ್ಲದೆ ಕಂಪ್ಯೂಟರಿನೊಂದಿಗೆ ಹೀಗೆ ಮಾತಾಡುವುದಿಲ್ಲ. ಬೇರೆ ಚಿಪ್ಪಿನವಕ್ಕೆ ಬೇರೆ ಸಾಧನ. ಹೊಸ ಫೋನು, ವಾರಂಟಿ ಇನ್ನೂ ಇದೆ ಎಂದಾದರೆ ಮನೆಯಲ್ಲಿ ಕೈ ಹಾಕದೆ ಕಂಪನಿಯ ಸೇವಾ ಕೇಂದ್ರಕ್ಕೇ ಒಯ್ಯುವುದು ಒಳಿತು.

ಸ್ವಂತ ಮನೆಗೆ ಬೀಗ

ಹನ್ನೊಂದು ದಿನಕ್ಕೆ ಫೋನು ಮತ್ತೆ ನಿಂತಿತು. ಕಾರಣ ಆ ಮುದಿ ಬ್ಯಾಟರಿ. ಈ ಸಲ ಒಳಗಿನದೆಲ್ಲ ಭದ್ರವಾಗಿತ್ತು, ಆದ್ದರಿಂದ ಬ್ಯಾಟರಿ ಬದಲಿಸಿ (750 ರೂಪಾಯಿ) ಧೈರ್ಯವಾಗಿ ಫ್ಯಾಕ್ಟರಿ ರಿಸೆಟ್ ಒತ್ತಿದೆವು. ಫೋನು ಎದ್ದಿತು. ಎದ್ದು ಕೇಳಿತು: ಇದರಲ್ಲಿ ಮೊದಲಿದ್ದ ಜಿಮೇಲ್ ಯಾವುದು, ಪಾಸ್‌ವರ್ಡು ಏನು?

2015ರ ಆ್ಯಂಡ್ರಾಯ್ಡ್ 5.1ರಿಂದ ಇರುವ ಕಾವಲು ಇದು. ಕದ್ದವನು ರಿಸೆಟ್ ಮಾಡಿ ಮಾರಬಾರದೆಂದು. ಒಳ್ಳೆಯ ಕಾವಲೇ. ಆದರೆ ನಮ್ಮ ಹಳ್ಳಿಗಳಲ್ಲಿ ಫೋನು ಕೊಂಡ ದಿನ ಜಿಮೇಲ್ ಮಾಡಿಕೊಡುವುದು ಅಂಗಡಿಯ ಹುಡುಗ. ನಮ್ಮ ಹೆಸರಿನ ಮುಂದೆ ಬಾಯಿಗೆ ಬಂದ ನಾಲ್ಕು ಅಂಕಿ ಸೇರಿಸಿ ಒಂದು ವಿಳಾಸ, ಅವನಿಗೇ ನೆನಪಿರದ ಒಂದು ಪಾಸ್‌ವರ್ಡು. ಅದು ಬೇಕಾಗುವುದು ಹೀಗೆ ಬೀಗ ಬಿದ್ದ ದಿನವೇ.

ನಮ್ಮನ್ನು ಉಳಿಸಿದ್ದು ಮತ್ತೆ ಆ ಸಿಮ್ಮೇ. ಖಾತೆಗೆ ನನ್ನ ನಂಬರು ಜೋಡಿಸಿದ್ದ, ನಂಬರು ಬದಲಾಗಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ನಂಬರು ಕೊಟ್ಟು ವಿಳಾಸ ಹುಡುಕಿ, ಸಾದಾ ಫೋನಿಗೆ ಬಂದ ಓಟಿಪಿಯಿಂದ ಪಾಸ್‌ವರ್ಡು ಬದಲಿಸಿದೆವು. ಬದಲಿಸಿದ ಕೂಡಲೇ ಫೋನು ಒಪ್ಪಲಿಲ್ಲ. ಒಂದು ದಿನ ಬಿಟ್ಟು ಒಪ್ಪಿತು. ಈಗ ವಿಳಾಸ, ಪಾಸ್‌ವರ್ಡು ಎರಡೂ ಉತಾರದ ಕಡತದ ಹಿಂದಿನ ಹಾಳೆಯಲ್ಲಿ ಪೆನ್ನಿನಿಂದ ಬರೆದಿವೆ. ಹೀಗೆ ಬರೆದಿಡಬಾರದೆಂದು ಕಲಿತವರು ಹೇಳುತ್ತಾರೆ. ನಮ್ಮ ಟ್ರಂಕಿಗೆ ಕೈ ಹಾಕುವ ಕಳ್ಳನಿಗೆ ಜಿಮೇಲು ಬೇಕಾಗಿರುವುದಿಲ್ಲ ಎಂಬುದು ನನ್ನ ಲೆಕ್ಕ.

ಟ್ರ್ಯಾಕ್ಟರಿಗೂ ಇದೇ ಪಾಡು

ಕೂರಿಗೆಯ ತಾಳು ಸಡಿಲಾದರೆ ಬಡಿಗೇರರ ಬಳಿ ಹೋಗುತ್ತೇವೆ, ಕುಡ ಮೊಂಡಾದರೆ ಕಮ್ಮಾರರ ಬಳಿ. ಮಾಡಿದವನೇ ರಿಪೇರಿ ಮಾಡಬೇಕೆಂಬ ನಿಯಮ ಇಲ್ಲ. ಸಾಫ್ಟ್‌ವೇರ್ ಇರುವ ವಸ್ತುವಿಗೆ ಮಾತ್ರ ಈ ಬೀಗ ಏಕೆ ಎಂಬ ಪ್ರಶ್ನೆಯನ್ನು ದೊಡ್ಡದಾಗಿ ಎತ್ತಿದವರಲ್ಲಿ ರೈತರೇ ಮುಂದು. ಅಮೆರಿಕದಲ್ಲಿ ಜಾನ್ ಡೀರ್ ಟ್ರ್ಯಾಕ್ಟರುಗಳ ಕೆಲವು ರಿಪೇರಿಗೆ ಡೀಲರರ ಬಳಿ ಇರುವ ಸಾಫ್ಟ್‌ವೇರೇ ಬೇಕು. ಕೊಯ್ಲಿನ ಹೊತ್ತಿಗೆ ಯಂತ್ರ ನಿಂತರೆ ಡೀಲರರು ಬರುವ ತನಕ ಕಾಯಬೇಕು. ಅಲ್ಲಿನ ರೈತರು ವರ್ಷಗಟ್ಟಲೆ ಜಗಳ ಮಾಡಿದರು. 2023ರ ಜನವರಿಯಲ್ಲಿ ಕಂಪನಿ ಅಲ್ಲಿನ ಫಾರ್ಮ್ ಬ್ಯೂರೋ ಎಂಬ ರೈತ ಸಂಘಟನೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಕೊಲರಾಡೊ ರಾಜ್ಯ ಕೃಷಿ ಯಂತ್ರಗಳ ರಿಪೇರಿ ಹಕ್ಕಿಗೆ ಕಾನೂನು ಮಾಡಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಕಂಪನಿಯ ಮೇಲೆ ದಾವೆ ಹೂಡಿತು.

ನಮ್ಮಲ್ಲಿ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಒಂದು ಜಾಲತಾಣ ತೆರೆಯಿತು. ಅದರ ಯಾದಿಯಲ್ಲಿ ಕೃಷಿ ಯಂತ್ರ ಮತ್ತು ಮೊಬೈಲು ಎರಡೂ ಇವೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ಮಾರಾಟಕ್ಕೆ ಬರುವ ಹೊಸ ಮಾದರಿಯ ಫೋನುಗಳಿಗೆ, ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ, ಕನಿಷ್ಠ ಐದು ವರ್ಷ ಸಾಫ್ಟ್‌ವೇರ್ ಕೊಡಲೇಬೇಕೆಂದು ನಿಯಮ ಆಗಿದೆ. ನನ್ನ ಮಾದರಿಯ ಕಡತ ಅಧಿಕೃತವಾಗಿ, ಕನ್ನಡದ ಸೂಚನೆಯೊಂದಿಗೆ ಸಿಕ್ಕಿದ್ದರೆ ಎರಡು ರಾತ್ರಿಯ ಕೆಲಸ ಎರಡು ತಾಸಿನದು.

ಖರ್ಚಿನ ಲೆಕ್ಕ: ವೈರು 120, ಬ್ಯಾಟರಿ 750, ಒಟ್ಟು 870 ರೂಪಾಯಿ, ಎರಡು ರಾತ್ರಿ ನಿದ್ದೆ ಬೇರೆ. ಬರೇ ಫೋನಿಗಾಗಿ ಆದರೆ ಇಷ್ಟು ಒದ್ದಾಟ ಬೇಡ, ಅಂಗಡಿಯ ಆರುನೂರೇ ಅಗ್ಗ. ಒಳಗಿನದು ಬೇಕಾದರೆ ಮಾತ್ರ ಇದು ಲಾಭ.

ಸುದ್ದಿ ಹಬ್ಬಿ ಓಣಿಯವರು ಮೂರು ಫೋನು ತಂದರು. ಒಂದಕ್ಕೆ ಬೇಕಾಗಿದ್ದದ್ದು ಬೇರೆ ಚಾರ್ಜರ್. ಇನ್ನೊಂದು ಮೆಮೊರಿ ಕಾರ್ಡು ತೆಗೆದ ಕೂಡಲೇ ಎದ್ದಿತು. ಮೂರನೆಯದು 2019ರ ಮಹಾಪೂರದಲ್ಲಿ ಬೆಣ್ಣೆಹಳ್ಳದ ನೀರು ಕುಡಿದದ್ದು, ಮೂರು ವರ್ಷ ಜೋಳದ ಚೀಲದೊಳಗೇ ಇಟ್ಟಿದ್ದರಂತೆ. ಜೋಳವಾಗಲಿ ಅಕ್ಕಿಯಾಗಲಿ ಫೋನಿನೊಳಗಿನ ನೀರು ಎಳೆಯುವುದು ಅಷ್ಟಕ್ಕಷ್ಟೇ, ಧೂಳು ಮಾತ್ರ ಒಳಗೆ ಹೋಗುತ್ತದೆ. ಯಾವ ಗುಂಡಿ ಒತ್ತಿದರೂ, ಯಾವ ವೈರು ಚುಚ್ಚಿದರೂ ಲ್ಯಾಪ್‌ಟಾಪು ಟಣ್ ಎನ್ನಲಿಲ್ಲ. ತೀರಿಹೋದ ಯಜಮಾನರ ಒಂದೇ ಫೋಟೋ ಅದರಲ್ಲಿತ್ತಂತೆ. ಹಿಂಬದಿ ಮುಚ್ಚಳ ತೆಗೆದು ನೋಡಿದೆವು, ಒಳಗೆಲ್ಲ ಹಸಿರು ಕಿಲುಬು. ಮೆಮೊರಿ ಕಾರ್ಡಿನ ಗೂಡಿನಲ್ಲಿ ಮಾತ್ರ 4 ಜಿಬಿಯ ಒಂದು ಕಾರ್ಡು ಇತ್ತು. ಒರೆಸಿ ಅಣ್ಣನ ಫೋನಿಗೆ ಹಾಕಿದೆವು. ಹದಿನಾರು ಫೋಟೋ ಬಂದವು. ಅದರಲ್ಲಿ ಒಂದರೊಳಗೆ ಯಜಮಾನರು ಎತ್ತಿನ ಪಕ್ಕ ಅರೆಬರೆ ಕಾಣುತ್ತಿದ್ದರು. ಅದನ್ನು ಗದಗಿನಲ್ಲಿ ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ಹಾಕಿದ್ದಾರೆ.